ಪೆಟ್ಟು ತಿಂದ ಲಿವರ್ ಮತ್ತೆ ಬೆಳೆಯುವುದು ಯಾರ ಅಪ್ಪಣೆಯಿಂದ?

“ಎಸ್‌ಜಿಪಿಟಿ ನಾಲ್ಕ ಸಾವಿರ ಇದ್ದದ್ದು ಆರನೂರಕ್ಕ ಇಳದೈತಿ ಅಂತೀರಿ. ಮತ್ತ ಪೇಶಂಟನ್ನ ಐಸಿಯುದಾಗ ಯಾಕ ಇಟಗೊಂಡೀರಿ ಸರ್?”

ಬೆಳಗಾವಿಯ ದೊಡ್ಡಾಸ್ಪತ್ರೆಯಾಗಲಿ, ಬಾಗಲಕೋಟೆ, ವಿಜಯಪುರದ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಾಗಲಿ, ಕಾಮಣಿ ವಿಪರೀತಕ್ಕೆ ಹೋಗಿ ದಾಖಲಾದವರ ಮನೆಮಂದಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಎಸ್‌ಜಿಪಿಟಿ ಅಂದರೆ ಲಿವರಿಗೆ ಪೆಟ್ಟಾದಾಗ ರಕ್ತಪರೀಕ್ಷೆಯಲ್ಲಿ ಏರುವ ಅಂಕಿ. ಕೈಯಲ್ಲಿರುವ ರಿಪೋರ್ಟು ಚಲೋ ಆಗುತ್ತಿದೆ ಅನ್ನುತ್ತದೆ, ಡಾಕ್ಟರ ಮುಖ ಹಾಗನ್ನುವುದಿಲ್ಲ. ಇದಕ್ಕೆ ಸರಿಯಾದ ಉತ್ತರ ಬೇಕಾದರೆ ಲಿವರ್ ಹೇಗೆ ಕೆಡುತ್ತದೆ ಎಂಬುದಷ್ಟೇ ಸಾಲದು, ಕೆಟ್ಟ ಮೇಲೆ ಹೇಗೆ ಮತ್ತೆ ಬೆಳೆಯುತ್ತದೆ ಎಂಬುದನ್ನೂ ತಿಳಿಯಬೇಕು. ಆ ಬೆಳವಣಿಗೆ ಲಿವರ್ ಕೋಶಗಳ ಕೈಯೊಂದರಲ್ಲೇ ಇಲ್ಲ. ಅವುಗಳ ನಡುವೆ ನೆಲೆಸಿದ, ರಕ್ತದಿಂದ ಧಾವಿಸಿ ಬರುವ ರೋಗನಿರೋಧಕ ಕೋಶಗಳು ಅದರಲ್ಲಿ ದೊಡ್ಡ ಪಾಲು ನಿರ್ಧರಿಸುತ್ತವೆ. ಲಿವರಿಗೆ ಪೆಟ್ಟು ಕೊಡುವವೂ ಎಷ್ಟೋ ಸಲ ಅವೇ, ವಾಸಿ ಮಾಡುವವೂ ಅವೇ. ಯಾವ ಹೊತ್ತಿಗೆ ಯಾವ ಕೆಲಸ ನಡೆಯುತ್ತಿದೆ ಎನ್ನುವುದರ ಮೇಲೆ ರೋಗಿಯ ಜೀವ ನಿಂತಿರುತ್ತದೆ.

ನಾನು ಬಾಗಲಕೋಟೆಯಲ್ಲಿ ಜೀವಶಾಸ್ತ್ರ ಪಾಠ ಮಾಡುವವನು, ವೈದ್ಯನಲ್ಲ. ಆದರೆ “ಇಮ್ಯುನಿಟಿ ಹೆಚ್ಚಿಸಿಕೊಳ್ಳಿ” ಎಂಬ ಒಂದೇ ಮಾತು ಎಲ್ಲ ರೋಗಕ್ಕೂ ಮದ್ದಾಗಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುವ ಕಾಲದಲ್ಲಿ, ಲಿವರಿನ ವಿಷಯವನ್ನಾದರೂ ಬಿಡಿಸಿ ಹೇಳಲೇಬೇಕು ಅನಿಸಿದೆ.

ರಕ್ತದ ಹಾದಿಯಲ್ಲಿ ಕೂತ ಅಂಗ

ಬಲ ಪಕ್ಕೆಲುಬುಗಳ ಮರೆಯಲ್ಲಿರುವ ಲಿವರ್, ಅಂದರೆ ಯಕೃತ್ತು, ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಹೃದಯ ಹೊರಗೆ ತಳ್ಳುವ ರಕ್ತದಲ್ಲಿ ನಾಲ್ಕನೇ ಒಂದು ಪಾಲು, ನಿಮಿಷಕ್ಕೆ ಹತ್ತಿರ ಹತ್ತಿರ ಒಂದೂವರೆ ಲೀಟರ್, ಇದರೊಳಗೆ ಹಾಯ್ದು ಹೋಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಬರುವುದು ಕರುಳಿನ ಕಡೆಯಿಂದ, ಪೋರ್ಟಲ್ ರಕ್ತನಾಳದ ಮೂಲಕ. ಉಂಡ ರೊಟ್ಟಿಯ ಸತ್ವವೂ ಆ ರಕ್ತದಲ್ಲಿರುತ್ತದೆ, ನುಂಗಿದ ಗುಳಿಗೆಯೂ ಇರುತ್ತದೆ, ಕರುಳಿನ ಬ್ಯಾಕ್ಟೀರಿಯಾಗಳ ಚೂರುಪಾರೂ ಇರುತ್ತವೆ.

ಈ ಚೂರುಪಾರನ್ನು ಹಿಡಿದು ನುಂಗಲೆಂದೇ ಲಿವರಿನ ಸೂಕ್ಷ್ಮ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಕುಪ್ಫರ್ ಕೋಶಗಳಿವೆ. 19ನೇ ಶತಮಾನದ ಜರ್ಮನ್ ಅಂಗರಚನಾ ವಿಜ್ಞಾನಿ ಕಾರ್ಲ್ ವಿಲ್ಹೆಲ್ಮ್ ಫಾನ್ ಕುಪ್ಫರ್ ಹೆಸರು ಅವಕ್ಕೆ ಬಂದಿದೆ. ಇವು ಮ್ಯಾಕ್ರೋಫೇಜ್ ಎಂಬ ಜಾತಿಯವು. ದೇಹದ ಅಂಗಾಂಗಗಳಲ್ಲಿ ಕಾಯಂ ನೆಲೆಸಿರುವ ಮ್ಯಾಕ್ರೋಫೇಜ್‌ಗಳಲ್ಲಿ ಶೇ. 80ಕ್ಕೂ ಹೆಚ್ಚು ಲಿವರಿನಲ್ಲೇ ಇವೆ ಎಂಬ ಅಂದಾಜಿದೆ. ತಾಯಿಯ ಹೊಟ್ಟೆಯಲ್ಲಿ ಭ್ರೂಣ ರೂಪುಗೊಳ್ಳುವಾಗಲೇ ಇವುಗಳ ಮೂಲಕೋಶಗಳು ಲಿವರಿಗೆ ಬಂದು ಸೇರುತ್ತವೆ; ಆಮೇಲೆ ಅಲ್ಲೇ ತಮ್ಮಷ್ಟಕ್ಕೆ ತಾವು ಮರಿಗೊಳ್ಳುತ್ತ ಇರುತ್ತವೆ. ಇಷ್ಟು ದೊಡ್ಡ ರೋಗನಿರೋಧಕ ನೆಲೆಯಾಗಿದ್ದೂ ಲಿವರ್ ಸಾಮಾನ್ಯ ದಿನಗಳಲ್ಲಿ ತಣ್ಣಗಿರುತ್ತದೆ. ಕರುಳಿನಿಂದ ದಿನವಿಡೀ ಬರುವ ಅನ್ಯ ವಸ್ತುಗಳಿಗೆಲ್ಲ ಸಿಟ್ಟಿಗೆದ್ದರೆ ಅದು ಒಂದು ದಿನವೂ ಉಳಿಯಲಾರದು. ಸಹಿಸಿಕೊಳ್ಳುವುದು ಅದರ ನಿತ್ಯದ ಸ್ಥಿತಿ, ಕೆರಳುವುದು ಅಪರೂಪ. ಮುಂದಿನದೆಲ್ಲ ಅರ್ಥವಾಗಲು ಇದೊಂದು ನೆನಪಿರಲಿ.

ಪೆಟ್ಟು ಕೊಟ್ಟವರು ಯಾರು

ಮಳೆಗಾಲದಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತುಂಬಿ ಹರಿದು ಕುಡಿಯುವ ನೀರಿಗೆ ಚರಂಡಿ ನೀರು ಸೇರಿತೆಂದರೆ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳಿಗೆ ದಾರಿ ತೆರೆದಂತೆ. ಇವು ಲಿವರ್ ಕೋಶದೊಳಗೆ ಹೊಕ್ಕು ಅಲ್ಲೇ ಹೆಚ್ಚಿಕೊಳ್ಳುತ್ತವೆ. ವೈರಸ್ಸೇ ಕೋಶವನ್ನು ತಿಂದುಹಾಕುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ, ಆದರೆ ನಡೆಯುವುದು ಹಾಗಲ್ಲ. ವೈರಸ್ ಹೊಕ್ಕ ಕೋಶಗಳನ್ನು ಗುರುತಿಸಿ ಕೊಲ್ಲುವುದು ಬಹುತೇಕ ನಮ್ಮವೇ ರೋಗನಿರೋಧಕ ಕೋಶಗಳಾದ ಟಿ ಕೋಶಗಳು. ಆರು ವರ್ಷದೊಳಗಿನ ಮಕ್ಕಳಿಗೆ ಹೆಪಟೈಟಿಸ್ ಎ ತಗಲಿದರೂ ಹತ್ತರಲ್ಲಿ ಒಂದು ಮಗುವಿಗಷ್ಟೇ ಕಣ್ಣು ಹಳದಿಯಾಗುತ್ತದೆ. ಅದೇ ದೊಡ್ಡವರಲ್ಲಿ ಹತ್ತರಲ್ಲಿ ಏಳು ಮಂದಿಗೆ ಕಾಮಣಿ ಕಾಣಿಸಿಕೊಳ್ಳುತ್ತದೆ. ವೈರಸ್ ಅದೇ, ಅದಕ್ಕೆ ಕೊಡುವ ಉತ್ತರದ ಜೋರು ಬೇರೆ.

ಪ್ಯಾರಾಸಿಟಮಾಲ್ ಕೆಡಿಸುವ ಬಗೆ ಬೇರೆ. ಮಿತಿಯಲ್ಲಿ ತೆಗೆದುಕೊಂಡರೆ ಇದಕ್ಕಿಂತ ಸುರಕ್ಷಿತ ಗುಳಿಗೆ ಕಡಿಮೆ; ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ಮಿತಿ ದಾಟಿದಾಗ ಲಿವರಿನಲ್ಲಿ ಅದರ ಒಂದು ಪಾಲು ವಿಷಕಾರಿ ರೂಪ ತಾಳುತ್ತದೆ. ಆ ವಿಷವನ್ನು ಕಟ್ಟಿಹಾಕುವ ಗ್ಲುಟಥಯೋನ್ ಎಂಬ ವಸ್ತು ಲಿವರಿನಲ್ಲಿದೆ. ಅದು ಬರಿದಾಯಿತೆಂದರೆ ವಿಷ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಿಗೆ ಕೈಹಾಕುತ್ತದೆ, ಕೋಶ ಒಡೆದು ಸಾಯುತ್ತದೆ. ಇಲಿ ಕೊಲ್ಲಲು ಅಂಗಡಿಯಲ್ಲಿ ಸಿಗುವ ಹಳದಿ ರಂಜಕದ ಪೇಸ್ಟ್ ಇನ್ನೂ ಕ್ರೂರವಾದದ್ದು. ದಕ್ಷಿಣ ಭಾರತದಲ್ಲಿ ಏಕಾಏಕಿ ಲಿವರ್ ವೈಫಲ್ಯದಿಂದ ಆಸ್ಪತ್ರೆಗೆ ಬರುವವರಲ್ಲಿ ಇದನ್ನು ನುಂಗಿದವರು ಬಹಳ. ನುಂಗಿದ ಮೊದಲ ಒಂದೆರಡು ದಿನ ವಾಂತಿ ನಿಂತು ಮನುಷ್ಯ ಆರಾಮಾದಂತೆ ಕಾಣುತ್ತಾನೆ, ಮನೆಯವರೂ ನಿರಾಳವಾಗುತ್ತಾರೆ. ಲಿವರ್ ಕುಸಿಯುವುದು ಆಮೇಲೆ.

ಮೂರರಲ್ಲೂ ಒಂದು ಸಮಾನ ಅಂಶವಿದೆ. ಸ್ವಲ್ಪ ಹೊತ್ತಿನಲ್ಲೇ ಲಕ್ಷಾಂತರ ಕೋಶಗಳು ಸತ್ತು, ಒಳಗೆ ಇರಬೇಕಾದ ವಸ್ತುಗಳು ಹೊರಗೆ ಚೆಲ್ಲುತ್ತವೆ. ಎಸ್‌ಜಿಪಿಟಿ ಅಂಥ ಒಂದು ಕಿಣ್ವ. ಕೋಶದೊಳಗಿದ್ದದ್ದು ರಕ್ತದಲ್ಲಿ ಸಿಕ್ಕಿತೆಂದರೆ ಕೋಶ ಒಡೆದಿದೆ ಎಂದರ್ಥ. ಕೋಶ ಶಕ್ತಿಗೆ ಬಳಸುವ ಎಟಿಪಿ, ಮೈಟೊಕಾಂಡ್ರಿಯಾದ ಡಿಎನ್‌ಎ, ಕೋಶಕೇಂದ್ರದ ಕೆಲವು ಪ್ರೋಟೀನುಗಳೂ ಹಾಗೆಯೇ ಹೊರಬೀಳುತ್ತವೆ. ರೋಗನಿರೋಧಕ ಕೋಶಗಳ ಪಾಲಿಗೆ ಇವೇ ಕೂಗು.

ಮೊದಲ ಎರಡು ದಿನ

ಕೂಗು ಮೊದಲು ಕೇಳುವುದು ಅಲ್ಲೇ ಇರುವ ಕುಪ್ಫರ್ ಕೋಶಗಳಿಗೆ. ಅವು ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮುಂತಾದ ಸಂದೇಶ ಪ್ರೋಟೀನುಗಳನ್ನು ಬಿಡುಗಡೆ ಮಾಡುತ್ತವೆ. ಕೆಲವೇ ಗಂಟೆಗಳಲ್ಲಿ ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದಿಳಿಯುತ್ತವೆ. ಅವುಗಳ ಹಿಂದೆ, ಮೂಳೆಮಜ್ಜೆಯಲ್ಲಿ ಹುಟ್ಟಿದ ಮಾನೊಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಬಂದು ಸೇರಿ, ಲಿವರಿನಲ್ಲಿ ಹೊಸ ಮ್ಯಾಕ್ರೋಫೇಜ್‌ಗಳಾಗಿ ಬಲಿಯುತ್ತವೆ.

ನ್ಯೂಟ್ರೋಫಿಲ್‌ಗಳ ಬಗ್ಗೆ ಬಹುಕಾಲ ಒಳ್ಳೆಯ ಮಾತಿರಲಿಲ್ಲ. ಅವು ಹೊರಬಿಡುವ ಕ್ರಿಯಾಶೀಲ ಆಮ್ಲಜನಕದ ಕಣಗಳು, ಪ್ರೋಟೀನು ಕರಗಿಸುವ ಕಿಣ್ವಗಳು ಬ್ಯಾಕ್ಟೀರಿಯಾ ಕೊಲ್ಲಲು ಇರುವಂಥವು. ಇಲ್ಲಿ ಬ್ಯಾಕ್ಟೀರಿಯಾವೇ ಇಲ್ಲ, ಇರುವುದು ನಮ್ಮದೇ ಸತ್ತ ಕೋಶ. ಹಾಗಾದರೆ ಇವು ಬಂದು ಪಕ್ಕದ ಜೀವಂತ ಕೋಶಗಳನ್ನೂ ಸುಡುತ್ತವೆ, ಬರದಿದ್ದರೇ ಚಲೋ ಎಂಬ ಎಣಿಕೆಯಿತ್ತು. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ 2017ರಲ್ಲಿ ಕೆನಡಾದ ಕ್ಯಾಲ್ಗರಿಯ ಸಂಶೋಧಕರು ಜೀವಂತ ಇಲಿಯ ಲಿವರಿನಲ್ಲಿ ಸಣ್ಣ ಸುಟ್ಟಗಾಯ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಿದರು. ನ್ಯೂಟ್ರೋಫಿಲ್‌ಗಳು ಗಾಯದೊಳಗೆ ನುಗ್ಗಿ ಹಾಳಾದ ರಕ್ತನಾಳಗಳ ಅವಶೇಷ ಕಿತ್ತು ಹಾಕುತ್ತಿದ್ದವು, ಹೊಸ ರಕ್ತನಾಳ ಬೆಳೆಯಲು ಜಾಗ ಮಾಡುತ್ತಿದ್ದವು. ಕೆಲಸ ಮುಗಿದ ಮೇಲೆ ಅಲ್ಲೇ ಸತ್ತು ಬೀಳದೆ, ಬಹಳಷ್ಟು ನ್ಯೂಟ್ರೋಫಿಲ್‌ಗಳು ರಕ್ತಕ್ಕೆ ಮರಳಿ, ಶ್ವಾಸಕೋಶದ ಮೂಲಕ ಹಾದು, ಹುಟ್ಟಿದ ಮೂಳೆಮಜ್ಜೆಗೇ ಹಿಂತಿರುಗಿದವು. ಅವುಗಳನ್ನು ತೆಗೆದುಹಾಕಿದ ಇಲಿಗಳಲ್ಲಿ ಗಾಯ ಮಾಯುವುದು ತಡವಾಯಿತು. 2019ರಲ್ಲಿ ಪ್ಯಾರಾಸಿಟಮಾಲ್ ಹಾನಿಯ ಇಲಿಗಳಲ್ಲಿ ಇನ್ನೊಂದು ತಂಡ ಕಂಡುಕೊಂಡದ್ದು ಮತ್ತೂ ಅಚ್ಚರಿಯದು: ನ್ಯೂಟ್ರೋಫಿಲ್ ಬಿಡುವ ಅದೇ ಸುಡುವ ಆಮ್ಲಜನಕದ ಕಣಗಳೇ ಮ್ಯಾಕ್ರೋಫೇಜ್‌ಗಳನ್ನು ದುರಸ್ತಿಯ ಕೆಲಸಕ್ಕೆ ತಿರುಗಿಸುತ್ತವೆ.

ತಿರುಗುವ ಘಳಿಗೆ

ಈ ಇಡೀ ವಿಷಯದ ಜೀವಾಳ ಈ ತಿರುಗುವಿಕೆಯಲ್ಲಿದೆ. ಹಾಗಾಗಿ ಇಲ್ಲಿ ತುಸು ನಿಲ್ಲೋಣ.

ಮಾನೊಸೈಟ್‌ಗಳು ಮೊದಲು ಬರುವಾಗ ಕೆರಳಿಯೇ ಬರುತ್ತವೆ. ಉರಿಯೂತ ಹೆಚ್ಚಿಸುವ ಸಂದೇಶಗಳನ್ನು ಬಿಡುತ್ತವೆ, ಇನ್ನಷ್ಟು ಕೋಶಗಳನ್ನು ಕರೆಯುತ್ತವೆ, ಸತ್ತ ಕೋಶಗಳ ಚೂರುಗಳನ್ನು ನುಂಗಲು ಶುರುಮಾಡುತ್ತವೆ. ನುಂಗುತ್ತ ನುಂಗುತ್ತ ಅವುಗಳ ಸ್ವಭಾವವೇ ಬದಲಾಗುತ್ತದೆ. ಉರಿಯೂತದ ಸಂದೇಶ ಕಡಿಮೆಯಾಗಿ, ಅದನ್ನು ಶಮನ ಮಾಡುವ ಸಂದೇಶ, ಹೊಸ ರಕ್ತನಾಳ ಬೆಳೆಸುವ ಸಂದೇಶ, ಕೋಶ ವಿಭಜನೆಗೆ ನೆರವಾಗುವ ಸಂದೇಶ ಹೊರಬರತೊಡಗುತ್ತವೆ. ಬೇರೆ ಕೋಶಗಳು ಬಂದು ಇವನ್ನು ಬದಲಿಸಿದ್ದಲ್ಲ. ಬಹುಮಟ್ಟಿಗೆ ಅವೇ ಕೋಶಗಳು, ತಿಂದದ್ದರಿಂದ ಮಾರ್ಪಟ್ಟಂಥವು. 2012ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಸಂಶೋಧಕರು ತೋರಿಸಿಕೊಟ್ಟಂತೆ, ಸತ್ತ ಲಿವರ್ ಕೋಶಗಳ ಚೂರು ನುಂಗಿದ ಮ್ಯಾಕ್ರೋಫೇಜ್ ವಿಂಟ್ ಎಂಬ ಗುಂಪಿನ ಒಂದು ಸಂದೇಶ ಪ್ರೋಟೀನ್ ತಯಾರಿಸುತ್ತದೆ. ಇನ್ನೂ ಏನಾಗಬೇಕೆಂದು ನಿರ್ಧಾರವಾಗಿರದ ಎಳೆಯ ಕೋಶಗಳಿಗೆ ಆ ಸಂದೇಶ ಮುಟ್ಟಿದರೆ ಅವು ಲಿವರ್ ಕೋಶಗಳಾಗುವ ಹಾದಿ ಹಿಡಿಯುತ್ತವೆ. ಅಂದರೆ ಯಾವುದು ಸತ್ತಿತೋ ಅದನ್ನೇ ಹುಟ್ಟಿಸಬೇಕೆಂಬ ಸುದ್ದಿ, ಸತ್ತದ್ದನ್ನು ತಿಂದ ಕೋಶದಿಂದಲೇ ಬರುತ್ತದೆ.

ಜಮಖಂಡಿ, ಮುಧೋಳ, ಗೋಕಾಕದ ಕಡೆ ಕಬ್ಬು ಬೆಳೆಯುವವರಿಗೆ ಇದು ಬೇಗ ತಿಳಿದೀತು. ಕಬ್ಬು ಕಡಿದ ಮೇಲೆ ಹೊಲದ ತುಂಬ ರವದಿ, ಅಂದರೆ ಕಬ್ಬಿನ ಒಣಗರಿ, ಬಿದ್ದಿರುತ್ತದೆ. ಅದು ಕೂಳೆಯ ಬುಡದ ಮೇಲೇ ದಪ್ಪಗೆ ಕೂತರೆ ಮೊಳಕೆ ಸರಿಯಾಗಿ ಏಳುವುದಿಲ್ಲ. ಬೇಡವೆಂದು ಬೆಂಕಿ ಇಟ್ಟರೆ ಬುಡದ ಕಣ್ಣುಗಳೂ ಬೇಯುತ್ತವೆ, ಮಣ್ಣಿನ ಜೀವವೂ ಹೋಗುತ್ತದೆ. ಬುಡ ಬಿಡಿಸಿ, ರವದಿಯನ್ನು ಸಾಲಿನ ನಡುವೆ ಹರಡಿ ಕೊಳೆಯಲು ಬಿಟ್ಟವನ ಹೊಲದಲ್ಲಿ ಅದೇ ರವದಿ ಕೂಳೆ ಬೆಳೆಗೆ ಗೊಬ್ಬರವಾಗುತ್ತದೆ. ಲಿವರಿನಲ್ಲಿ ಮ್ಯಾಕ್ರೋಫೇಜ್ ಮಾಡುವುದು ಈ ಮೂರನೆಯ ಕೆಲಸ. ಉರಿಯೂತ ಹದ ಮೀರಿದಾಗ ಆಗುವುದು ಎರಡನೆಯದು.

ಈ ತಿರುಗುವ ಘಳಿಗೆ ಗೊತ್ತಿರದಿದ್ದಾಗ ಪ್ರಯೋಗಗಳು ಒಂದಕ್ಕೊಂದು ವಿರುದ್ಧವಾದ ಉತ್ತರ ಕೊಟ್ಟು ವಿಜ್ಞಾನಿಗಳನ್ನೇ ಕಾಡಿದ್ದವು. 1990ರ ದಶಕದಲ್ಲಿ ಗ್ಯಾಡೊಲಿನಿಯಂ ಕ್ಲೋರೈಡ್ ಕೊಟ್ಟು ಮ್ಯಾಕ್ರೋಫೇಜ್‌ಗಳ ಕೈಕಟ್ಟಿದಾಗ ಇಲಿಗಳಲ್ಲಿ ಪ್ಯಾರಾಸಿಟಮಾಲ್ ಹಾನಿ ಕಡಿಮೆಯಾಯಿತು. ಇವೇ ಅಪರಾಧಿಗಳು ಎಂದು ತೀರ್ಮಾನವಾಯಿತು. 2002ರಲ್ಲಿ ಕ್ಲೋಡ್ರೋನೇಟ್ ಎಂಬ ಇನ್ನೊಂದು ಔಷಧದಿಂದ ಕುಪ್ಫರ್ ಕೋಶಗಳನ್ನು ಪೂರ್ತಿಯಾಗಿ ಇಲ್ಲವಾಗಿಸಿ ನೋಡಿದಾಗ ಹಾನಿ ಹೆಚ್ಚಾಯಿತು. ಮಾನೊಸೈಟ್‌ಗಳದ್ದೂ ಇದೇ ಕತೆ. ಮೊದಲ ಗಂಟೆಗಳಲ್ಲಿ ಅವು ಬರದಂತೆ ತಡೆದ ಪ್ರಯೋಗದಲ್ಲಿ ಹಾನಿ ತಗ್ಗಿತು. ಹುಟ್ಟಿನಿಂದಲೇ ಅವು ಬರಲಾಗದಂತೆ ಜೀನು ಬದಲಿಸಿದ ಇಲಿಗಳಲ್ಲಿ ದುರಸ್ತಿ ನಿಧಾನವಾಯಿತು. ಎರಡೂ ನಿಜವೇ ಎಂದು ನನಗನಿಸುತ್ತದೆ. ಒಂದೇ ಕೋಶಕ್ಕೆ ಸೋಮವಾರ ಒಂದು ಕೆಲಸ, ಬುಧವಾರ ಇನ್ನೊಂದು ಕೆಲಸ ಇದ್ದಾಗ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದರಲ್ಲೇ ಅರ್ಥವಿಲ್ಲ.

ಬೆಳೆ ಎಂದು ಹೇಳುವ ಸಂದೇಶ

ಲಿವರ್ ಮತ್ತೆ ಬೆಳೆಯುತ್ತದೆ ಎಂಬ ಮಾತಿಗೆ ಪ್ರಯೋಗಶಾಲೆಯ ಅಡಿಪಾಯ ಹಾಕಿದ್ದು 1931ರಲ್ಲಿ ಅಮೆರಿಕದ ಹಿಗಿನ್ಸ್ ಮತ್ತು ಆಂಡರ್ಸನ್. ಇಲಿಯ ಲಿವರಿನ ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದರು. ವಾರ ಹತ್ತು ದಿನದಲ್ಲಿ ಉಳಿದ ಪಾಲು ಬೆಳೆದು ಮೊದಲಿನ ತೂಕಕ್ಕೆ ಹತ್ತಿರವಾಯಿತು. ಕತ್ತರಿಸಿದ ಭಾಗ ಅದೇ ಆಕಾರದಲ್ಲಿ ಚಿಗುರುವುದಿಲ್ಲ, ಉಳಿದ ಹಾಲೆಗಳೇ ಹಿಗ್ಗಿ ದೊಡ್ಡದಾಗುತ್ತವೆ. ಮಗನಿಗೋ ಅಪ್ಪನಿಗೋ ತನ್ನ ಲಿವರಿನ ಬಲಭಾಗ ಕೊಟ್ಟ ಜೀವಂತ ದಾನಿಗಳು ಮತ್ತೆ ಆರೋಗ್ಯದಿಂದಿರಲು ಸಾಧ್ಯವಾಗಿರುವುದೂ ಇದರಿಂದಲೇ.

ಆರೋಗ್ಯವಂತ ಲಿವರಿನ ಕೋಶಗಳು ಸಾಮಾನ್ಯವಾಗಿ ವಿಭಜಿಸುವುದೇ ಇಲ್ಲ, ತಿಂಗಳುಗಟ್ಟಲೆ ಸುಮ್ಮನಿರುತ್ತವೆ. ಆ ಮೌನದಿಂದ ಅವನ್ನು ಎಬ್ಬಿಸಲು ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-6 ಬೇಕು. ಎಬ್ಬಿಸಿದ ಮೇಲೆ ನಿಜವಾಗಿ ವಿಭಜಿಸುವಂತೆ ಮಾಡಲು ಎಚ್‌ಜಿಎಫ್‌ನಂಥ ಬೆಳವಣಿಗೆಯ ಅಂಶಗಳು ಬೇಕು. ಇವು ಲಿವರಿನ ರಕ್ತನಾಳದ ಒಳಪದರದಿಂದಲೂ ಪಕ್ಕದ ನಕ್ಷತ್ರಾಕಾರದ ಕೋಶಗಳಿಂದಲೂ ಬರುತ್ತವೆ. 1996ರಲ್ಲಿ ಅಮೆರಿಕದ ಸಂಶೋಧಕರು ಇಂಟರ್‌ಲ್ಯೂಕಿನ್-6 ತಯಾರಿಸಲಾಗದ ಇಲಿಗಳ ಲಿವರ್ ಕತ್ತರಿಸಿ ನೋಡಿದರು. ಪುನರ್ಬೆಳವಣಿಗೆ ಕುಂಠಿತವಾಯಿತು, ಲಿವರ್ ವೈಫಲ್ಯ ಕಾಣಿಸಿಕೊಂಡಿತು. ಹೊರಗಿನಿಂದ ಇಂಟರ್‌ಲ್ಯೂಕಿನ್-6 ಚುಚ್ಚಿದಾಗ ಸರಿಹೋಯಿತು. ಮರುವರ್ಷವೇ ಟಿಎನ್‌ಎಫ್ ಸಂದೇಶ ಓದಲಾಗದ ಇಲಿಗಳಲ್ಲೂ ಇಂಥದೇ ಫಲಿತಾಂಶ ಬಂತು.

ಇದರ ತೂಕ ಗಮನಿಸಬೇಕು. ಈ ಎರಡೂ ಪ್ರೋಟೀನುಗಳ ಹೆಸರು ಕೊರೋನಾ ಕಾಲದಲ್ಲಿ ಸೈಟೊಕೈನ್ ಬಿರುಗಾಳಿ ಎಂಬ ಸುದ್ದಿಯ ಜೊತೆ ನಮ್ಮ ಕಿವಿಗೆ ಬಿದ್ದವು. ಜ್ವರ, ಉರಿಯೂತ, ರಕ್ತದೊತ್ತಡ ಕುಸಿತದ ಹಿಂದಿರುವ ವಸ್ತುಗಳೆಂದೇ ಅವನ್ನು ಬಲ್ಲೆವು. ಲಿವರಿನ ಮೊದಲ ಬೆಳವಣಿಗೆಯ ಕರೆಯೂ ಅವೇ. ಉರಿಯೂತವನ್ನು ಪೂರ್ತಿ ಅಡಗಿಸಿದರೆ ಲಿವರ್ ಉಳಿಯುತ್ತದೆ ಎಂದು ಹೊರಟವರಿಗೆ ಇದು ದೊಡ್ಡ ತಡೆ.

ಸಣ್ಣ ಪಾತ್ರಧಾರಿಗಳೂ ಇದ್ದಾರೆ. ಅಲರ್ಜಿಯ ನೆಪದಲ್ಲಿ ರಕ್ತಪರೀಕ್ಷೆಯ ಚೀಟಿಯಲ್ಲಿ ಕಾಣುವ ಇಯೋಸಿನೋಫಿಲ್‌ಗಳು ಇಂಟರ್‌ಲ್ಯೂಕಿನ್-4 ಬಿಟ್ಟು ಲಿವರ್ ಕೋಶಗಳ ವಿಭಜನೆಗೆ ನೆರವಾಗುತ್ತವೆಂದು 2013ರಲ್ಲಿ ಇಲಿಗಳಲ್ಲಿ ಗೊತ್ತಾಯಿತು. ಸೋಂಕು ತಗಲಿದ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳು ಹೆಚ್ಚು ಕೆರಳಿದರೆ ಇಂಟರ್‌ಫೆರಾನ್-ಗಾಮಾ ಎಂಬ ಸಂದೇಶ ಬಿಟ್ಟು ಬೆಳವಣಿಗೆಗೆ ಅಡ್ಡಗಾಲು ಹಾಕುತ್ತವೆ. ಕೊನೆಗೆ ಸಾಕೆಂದು ಹೇಳಲು ಟಿಜಿಎಫ್-ಬೀಟಾ ಎಂಬ ಸಂದೇಶ ಪ್ರೋಟೀನ್ ಇದೆ; ಲಿವರ್ ದೇಹದ ಅಳತೆಗೆ ತಕ್ಕಷ್ಟಾದ ಮೇಲೆ ಬೆಳೆಯುವುದು ನಿಲ್ಲುತ್ತದೆ.

ಆ ರಿಪೋರ್ಟಿನ ಒಗಟು

ಪೆಟ್ಟು ಹೆಚ್ಚಾದಷ್ಟೂ ಬೆಳವಣಿಗೆಯ ಒತ್ತಡವೂ ಹೆಚ್ಚಬೇಕಲ್ಲವೇ? ಒಂದು ಹಂತದ ತನಕ ಹೌದು. 2014ರಲ್ಲಿ ಪ್ರಕಟವಾದ ಪ್ಯಾರಾಸಿಟಮಾಲ್ ಪ್ರಯೋಗದಲ್ಲಿ, ಮಧ್ಯಮ ಪ್ರಮಾಣ ಕೊಟ್ಟ ಇಲಿಗಳ ಲಿವರ್ ಚುರುಕಾಗಿ ಬೆಳೆದುಕೊಂಡಿತು. ಪ್ರಮಾಣ ಇಮ್ಮಡಿ ಮಾಡಿದಾಗ ಬೆಳವಣಿಗೆ ತಡವಾಯಿತು, ಸತ್ತ ಇಲಿಗಳೂ ಹೆಚ್ಚಾದವು. ಉಳಿದ ಕೋಶಗಳಿಗೆ ವಿಭಜಿಸಲು ತ್ರಾಣವಿಲ್ಲದಂತಾಗಿತ್ತು.

ಇನ್ನು ಆ ಮನೆಮಂದಿಯ ಪ್ರಶ್ನೆಗೆ ಬರೋಣ. ರಕ್ತಕ್ಕೆ ಚೆಲ್ಲಿದ ಎಸ್‌ಜಿಪಿಟಿ ಹೊಸದಾಗಿ ಸೇರದೇ ಇದ್ದರೆ ಸುಮಾರು ಎರಡು ದಿನಕ್ಕೆ ಅರ್ಧದಷ್ಟು ಇಳಿಯುತ್ತದೆ. ಕೋಶಗಳು ಸಾಯುವುದು ನಿಂತಿತೆಂದು ಅದು ಹೇಳಬಹುದು. ಸಾಯಲು ಹೆಚ್ಚು ಕೋಶಗಳೇ ಉಳಿದಿಲ್ಲ ಎಂದೂ ಹೇಳುತ್ತಿರಬಹುದು! ಎರಡನ್ನೂ ಬೇರೆ ಮಾಡಿ ತೋರಿಸುವುದು ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಪಿಟಿ-ಐಎನ್‌ಆರ್ ಪರೀಕ್ಷೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ಲಿವರ್ ದಿನವೂ ತಯಾರಿಸಬೇಕು. ಅವುಗಳಲ್ಲಿ ಏಳನೆಯ ಅಂಶ ಕೆಲವೇ ಗಂಟೆಗಳಲ್ಲಿ ಖರ್ಚಾಗಿಬಿಡುತ್ತದೆ. ಹಾಗಾಗಿ ಐಎನ್‌ಆರ್ ಇವತ್ತಿನ ಲಿವರ್ ಇವತ್ತು ಏನು ಮಾಡುತ್ತಿದೆ ಎಂಬುದರ ಲೆಕ್ಕ. ಎಸ್‌ಜಿಪಿಟಿ ಇಳಿದು ಐಎನ್‌ಆರ್ ಕೂಡ ಇಳಿದರೆ ಸಮಾಧಾನದ ಉಸಿರು ಬಿಡಬಹುದು. ಎಸ್‌ಜಿಪಿಟಿ ಇಳಿಯುತ್ತ ಐಎನ್‌ಆರ್ ಮತ್ತು ಕಣ್ಣು ಹಳದಿ ಮಾಡುವ ಬಿಲಿರುಬಿನ್ ಏರುತ್ತಿದ್ದರೆ ಪರಿಸ್ಥಿತಿ ಬಿಗಡಾಯಿಸುತ್ತಿದೆ ಎಂದೇ ಅರ್ಥ. ಡಾಕ್ಟರು ಐಸಿಯುದಿಂದ ಕಳಿಸದಿರುವುದು ಅದಕ್ಕೆ.

ಬೆಳವಣಿಗೆ ಶುರುವಾಗಿದೆಯೇ ಎಂಬುದರ ಸುಳಿವು ಇನ್ನೆರಡು ಕಡೆ ಸಿಗುತ್ತದೆ. ವಿಭಜಿಸುವ ಕೋಶಗಳು ರಕ್ತದ ಫಾಸ್ಫೇಟನ್ನು ಎಳೆದುಕೊಳ್ಳುತ್ತವೆ, ಆದ್ದರಿಂದ ಫಾಸ್ಫೇಟ್ ತಗ್ಗುವುದು ಇಲ್ಲಿ ಶುಭಸೂಚನೆ, ಏರುವುದು ಅಪಾಯದ್ದು. ಹೊಟ್ಟೆಯಲ್ಲಿರುವ ಕೂಸಿನ ಲಿವರ್ ತಯಾರಿಸುವ ಎಎಫ್‌ಪಿ ಎಂಬ ಪ್ರೋಟೀನು, ಮತ್ತೆ ಬೆಳೆಯುತ್ತಿರುವ ದೊಡ್ಡವರ ಲಿವರಿನಿಂದಲೂ ಬರಲು ಶುರುವಾಗುತ್ತದೆ. ದಿನದಿಂದ ದಿನಕ್ಕೆ ಅದು ಏರಿದವರು ಬದುಕುವ ಸಂಭವ ಹೆಚ್ಚು.

ತೀವ್ರ ಲಿವರ್ ವೈಫಲ್ಯದಲ್ಲಿ ರೋಗನಿರೋಧಕ ಕೋಶಗಳ ಇನ್ನೊಂದು ತೊಂದರೆಯಿದೆ. ಮೊದಲಿಗೆ ದೇಹದ ತುಂಬ ಉರಿಯೂತ ಹಬ್ಬುತ್ತದೆ. ಅದನ್ನು ತಗ್ಗಿಸಲು ದೇಹವೇ ಶಮನದ ಸಂದೇಶ ಕಳಿಸುತ್ತದೆ, ಅದೂ ಅತಿಯಾಗಿ. ಆಗ ರಕ್ತದ ಮಾನೊಸೈಟ್‌ಗಳು ನಿಶ್ಶಕ್ತವಾಗಿ, ಬ್ಯಾಕ್ಟೀರಿಯಾ ಎದುರಾದರೂ ಸರಿಯಾಗಿ ಪ್ರತಿಕ್ರಿಯಿಸುವುದಿಲ್ಲ. ದುರಸ್ತಿಗೆ ಒಳ್ಳೆಯದಾದ ಶಾಂತಿಯೇ ಸೋಂಕಿಗೆ ಬಾಗಿಲು ತೆರೆಯುತ್ತದೆ. ಈ ರೋಗಿಗಳನ್ನು ಕೊಲ್ಲುವುದರಲ್ಲಿ ಮಿದುಳಿನ ಬಾವಿನಷ್ಟೇ ದೊಡ್ಡ ಪಾಲು ಸೋಂಕಿನದು. ಐಸಿಯುದೊಳಗೆ ಬಂಧುಗಳನ್ನು ಗುಂಪಾಗಿ ಬಿಡದಿರುವುದಕ್ಕೆ ಇದೇ ಕಾರಣ, ಅದನ್ನು ದಯವಿಟ್ಟು ಅಹಂಕಾರವೆಂದು ತಿಳಿಯಬೇಡಿ.

ಹೆಚ್ಚಿಸುವುದೂ ಅಲ್ಲ, ಅಡಗಿಸುವುದೂ ಅಲ್ಲ

ಕಾಮಣಿ ಬಂದವರಿಗೆ ನಮ್ಮ ಕಡೆ ನಾಲ್ಕು ಕಡೆಯಿಂದ ಸಲಹೆ ಬರುತ್ತದೆ. ಬೇರು ಅರೆದು ಕುಡಿಸುವವರಿದ್ದಾರೆ, ಕೈಗೆ ಬರೆ ಹಾಕುವವರಿದ್ದಾರೆ. ಬರೆಯಿಂದ ಲಿವರಿಗೆ ಏನೂ ಆಗುವುದಿಲ್ಲ. ಸುಟ್ಟ ಚರ್ಮದಿಂದ ಸೋಂಕು ಒಳಗೆ ಹೋಗಲು ದಾರಿಯಾಗುತ್ತದೆ, ಅದೂ ಸೋಂಕು ತಡೆಯುವ ಕೋಶಗಳು ಬಳಲಿರಬಹುದಾದ ಹೊತ್ತಿನಲ್ಲಿ. ಹೆಪಟೈಟಿಸ್ ಎ, ಇ ಬಂದವರಲ್ಲಿ ಬಹುಪಾಲು ಜನ ತಾವಾಗಿಯೇ ವಾಸಿಯಾಗುತ್ತಾರೆ, ಹೆಸರು ಮಾತ್ರ ಔಷಧ ಕೊಟ್ಟವರಿಗೆ ಬರುತ್ತದೆ.

ಗಿಡಮೂಲಿಕೆಯೆಲ್ಲ ಸುಳ್ಳೆಂದು ನಾನು ಹೇಳುತ್ತಿಲ್ಲ. ಬೆಳಗಾವಿಯಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆ ಇದೆ, ಗಿಡಗಳ ಗುಣವನ್ನು ಪರೀಕ್ಷಿಸಿ ನೋಡುವುದೇ ಅದರ ಕೆಲಸ. ಪರೀಕ್ಷೆ ಬೇಕು ಎಂಬುದಕ್ಕೆ ಅಮೃತಬಳ್ಳಿಯೇ ಸಾಕ್ಷಿ. ಕೊರೋನಾ ಕಾಲದಲ್ಲಿ ಇಮ್ಯುನಿಟಿಗೆಂದು ಅದನ್ನು ದಿನವೂ ಕುಡಿದು ಲಿವರ್ ಹಾಳಾದ ಆರು ರೋಗಿಗಳ ವಿವರವನ್ನು 2021ರಲ್ಲಿ ಮುಂಬೈನ ವೈದ್ಯರು ಪ್ರಕಟಿಸಿದರು. ರೋಗನಿರೋಧಕ ವ್ಯವಸ್ಥೆಯೇ ಲಿವರಿನ ಮೇಲೆ ತಿರುಗಿಬಿದ್ದ ಲಕ್ಷಣಗಳು ಅವರಲ್ಲಿ ಕೆಲವರಿಗಿದ್ದವು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಅದೇ ಬಳ್ಳಿಯೇ ಎಂದು ಖಚಿತಪಡಿಸಿಲ್ಲ ಎಂದಿತು. ಮರುವರ್ಷ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ ಇಂಥ 43 ರೋಗಿಗಳ ವಿವರ ಮುಂದಿಟ್ಟರು. ನನ್ನ ಮಟ್ಟಿಗೆ ಇದು ಸಾಕಷ್ಟು ಎಚ್ಚರಿಕೆ. ಲಿವರಿನ ನಿತ್ಯದ ಸ್ಥಿತಿ ಸಹನೆ ಎಂದು ಮೊದಲೇ ಹೇಳಿದೆನಲ್ಲ. ಅದನ್ನು ಸುಮ್ಮನೆ ಕೆಣಕಬಾರದು.

ಹಾಗೆಂದು ಸ್ಟೆರಾಯ್ಡ್ ಕೊಟ್ಟು ಎಲ್ಲವನ್ನೂ ಅಡಗಿಸುವುದೂ ಉತ್ತರವಲ್ಲ. ಆಟೋಇಮ್ಯೂನ್ ಹೆಪಟೈಟಿಸ್‌ನಲ್ಲಿ, ಅಂದರೆ ನಮ್ಮದೇ ಟಿ ಕೋಶಗಳು ಕಾರಣವಿಲ್ಲದೆ ಲಿವರನ್ನು ಕೆಡಿಸುವ ಕಾಯಿಲೆಯಲ್ಲಿ, ಸ್ಟೆರಾಯ್ಡ್ ಜೀವ ಉಳಿಸುತ್ತದೆ. ಉಳಿದ ಬಗೆಯ ತೀವ್ರ ವೈಫಲ್ಯದಲ್ಲಿ ಅದರಿಂದ ಬದುಕುವವರ ಸಂಖ್ಯೆ ಹೆಚ್ಚಿದ್ದು ಕಂಡುಬಂದಿಲ್ಲ.

ಸದ್ಯಕ್ಕೆ ಕೈಯಲ್ಲಿರುವ ಚಿಕಿತ್ಸೆಗಳಲ್ಲಿ ಈ ವಿಜ್ಞಾನಕ್ಕೆ ಹತ್ತಿರದ್ದು ಪ್ಲಾಸ್ಮಾ ಬದಲಾವಣೆ. ರೋಗಿಯ ರಕ್ತದಿಂದ ದ್ರವಭಾಗ ತೆಗೆದು ದಾನಿಗಳ ಪ್ಲಾಸ್ಮಾ ಹಾಕುತ್ತಾರೆ. ಸತ್ತ ಕೋಶಗಳಿಂದ ಚೆಲ್ಲಿದ ವಸ್ತುಗಳು, ಹದ ಮೀರಿದ ಉರಿಯೂತದ ಸಂದೇಶಗಳು ಅದರೊಂದಿಗೆ ಹೋಗುತ್ತವೆ. ಯೂರೋಪಿನ 182 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಪಡೆದವರಲ್ಲಿ ಶೇ. 59ರಷ್ಟು ಜನ ಆಸ್ಪತ್ರೆಯಿಂದ ಜೀವಂತ ಮನೆಗೆ ಹೋದರು, ಪಡೆಯದವರಲ್ಲಿ ಶೇ. 48. ನಮ್ಮಲ್ಲಿ ಇಲಿ ಪೇಸ್ಟ್ ನುಂಗಿದವರಿಗೂ ವೆಲ್ಲೂರಿನ ಸಿಎಂಸಿಯಂಥ ಆಸ್ಪತ್ರೆಗಳು ಇದನ್ನು ಬಳಸುತ್ತಿವೆ. ಎಡಿನ್‌ಬರೋದಲ್ಲಿ ರೋಗಿಯದೇ ಮಾನೊಸೈಟ್ ತೆಗೆದು, ಹೊರಗೆ ಮ್ಯಾಕ್ರೋಫೇಜ್ ಆಗಿ ಬೆಳೆಸಿ, ಮತ್ತೆ ಮೈಗೆ ಸೇರಿಸುವ ಪ್ರಯೋಗ ನಡೆದಿದೆ. ಅದರ ಮೊದಲ ಹಂತದಲ್ಲಿ, 2019ರಲ್ಲಿ, ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ, ಇದ್ದ ಒಂಬತ್ತು ಮಂದಿಗೆ ಅದು ಸುರಕ್ಷಿತವೆಂದು ಕಂಡಿತು. ಏಕಾಏಕಿ ಕುಸಿದ ಲಿವರಿಗೆ ಇದೇ ಉಪಾಯ ಬಳಸಬೇಕಾದರೆ ತೊಡಕು ಬೇರೆ: ಕೋಶ ಬೆಳೆಸಲು ದಿನಗಳು ಬೇಕು, ರೋಗಿಯ ಬಳಿ ಇರುವುದೋ ಗಂಟೆಗಳು. ಮೊದಲೇ ತಯಾರಿಸಿ ಶೈತ್ಯದಲ್ಲಿ ಇಟ್ಟ ಮ್ಯಾಕ್ರೋಫೇಜ್‌ಗಳನ್ನು ಪ್ಯಾರಾಸಿಟಮಾಲ್ ಹಾನಿಯ ಇಲಿಗಳಿಗೆ ಕೊಟ್ಟು ನೋಡುತ್ತಿರುವುದು ಅದಕ್ಕಾಗಿಯೇ.

ಅಲ್ಲಿಯತನಕ ಲಿವರಿಗೆ ಬೇಕಾದದ್ದು ಸಮಯ, ಅದನ್ನು ಉಳಿಸಿಕೊಡುವ ಕೆಲಸ ನಮ್ಮದು. ಪ್ಯಾರಾಸಿಟಮಾಲ್ ಹೆಚ್ಚಾಗಿದ್ದರೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧ ಬರಿದಾದ ಗ್ಲುಟಥಯೋನನ್ನು ಮತ್ತೆ ತುಂಬುತ್ತದೆ; ಎಂಟು ಗಂಟೆಯೊಳಗೆ ಕೊಟ್ಟರೆ ಅದರಷ್ಟು ಫಲಕಾರಿ ಇನ್ನೊಂದಿಲ್ಲ. ಇಲಿ ಪೇಸ್ಟಿಗೆ ಅಂಥ ಪ್ರತಿವಿಷವಿಲ್ಲ, ಆದ್ದರಿಂದ ನುಂಗಿದ್ದು ಗೊತ್ತಾದ ಕೂಡಲೇ, ಆರಾಮಾಗಿ ಕಂಡರೂ, ಆಸ್ಪತ್ರೆಗೆ ಒಯ್ಯಬೇಕು. ಗರ್ಭಿಣಿಗೆ ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಬಂದರೆ ನೂರರಲ್ಲಿ 20ರಿಂದ 25 ಮಂದಿ ಸಾಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರ ಕಣ್ಣು ಹಳದಿಯಾದರೆ ಬೇರೆ ಯಾರ ಮನೆಗೂ ಹೋಗದೆ ನೇರ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು. ಕಾಮಣಿ ಇರುವ ಯಾರೇ ಆಗಲಿ ಮಾತು ತಪ್ಪಿ ಆಡಿದರೆ, ಹಗಲು ನಿದ್ದೆ ಹೋಗಿ ರಾತ್ರಿ ಎಚ್ಚರವಿದ್ದರೆ, ವಸಡಿನಲ್ಲೋ ಮೂಗಿನಲ್ಲೋ ರಕ್ತ ಬಂದರೆ, ಬೆಳಗಾಗುವುದನ್ನು ಕಾಯದೆ ಅದೇ ರಾತ್ರಿ ಐಎನ್‌ಆರ್ ಪರೀಕ್ಷೆ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.